ಕಪಿಲೆಯಿಂದ ಕೆಪಾಸಿಟರಿನವರೆಗೆ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯಲು ವಿಷಯ ಇರಲಿಲ್ಲ ಅಂತಲ್ಲ. ಹೋದ ವರ್ಷ ಸಾಲ ಮಾಡಿ ಒಂದು ಮನೆ ಕೊಂಡೆ. ಅಂದಿನಿಂದ ನನ್ನ ಶನಿವಾರ ಭಾನುವಾರಗಳೆಲ್ಲ ನಲ್ಲಿ, ಸ್ವಿಚ್ಚು, ಸೋರುವ ತಾರಸಿಗಳ ಸೇವೆಯಲ್ಲೇ ಕಳೆಯುತ್ತಿವೆ. ಮನೆ ಕೊಂಡವರಿಗೆ ನನ್ನ ಕಷ್ಟ ಗೊತ್ತಿರುತ್ತೆ, ಕೊಳ್ಳದವರು ದಯವಿಟ್ಟು ನಗಬೇಡಿ :-)

ಮನೆ ಇರೋದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದಾಗ ನಗರಕ್ಕೆ ಸೇರಿಸಿಕೊಂಡರಲ್ಲ, ಆ 110 ಹಳ್ಳಿಗಳಲ್ಲಿ ಒಂದು. ಹಳ್ಳಿ ಹೋಗಿದೆ, ನಗರ ಪೂರ್ತಿ ಬಂದಿಲ್ಲ. ಕಾವೇರಿ ಪೈಪು ಬೀದಿಯವರೆಗೆ ಬಂದಿದೆ, ನಮ್ಮ ಮನೆಗೆ ಕನೆಕ್ಷನ್ ಆಗಿಲ್ಲ. ಹಾಗಾಗಿ ನಮ್ಮ ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಗೇಟಿನ ಪಕ್ಕದ ಬೋರ್‌ವೆಲ್ಲೇ ಗತಿ. ಆರೂವರೆ ಇಂಚು ಅಗಲದ ಒಂದು ತೂತು, ಅದರೊಳಗೆ 420 ಅಡಿ ಆಳದಲ್ಲಿ ಎರಡು ಹೆಚ್‌ಪಿಯ ಒಂದು ಸಬ್‌ಮರ್ಸಿಬಲ್ ಮೋಟರು. ಮನೆ ಮಾರಿದವರು ಒಂದು ಚೀಟಿಯಲ್ಲಿ ಬರೆದುಕೊಟ್ಟ ವಿವರ ಇಷ್ಟೇ. ಸಾಫ್ಟ್‌ವೇರಿನಲ್ಲಿ ಇದನ್ನು ನಾವು ಡಾಕ್ಯುಮೆಂಟೇಶನ್ ಅಂತೀವಿ!

ಕಳೆದ ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೆ. ಮೋಟರು ಓಡಿತು. ಸಂಪಿನ ಪೈಪಿನಲ್ಲಿ ನೀರು ಸಣ್ಣಗೆ ಜಿನುಗಿತು, ಎರಡು ಸಲ ಕೆಮ್ಮಿತು, ನಿಂತುಹೋಯಿತು. ಆಫ್ ಮಾಡಿ ಆನ್ ಮಾಡಿದೆ (ನಮ್ಮ ವೃತ್ತಿಯ ಪರಮಮಂತ್ರ). ಏನೂ ಆಗಲಿಲ್ಲ. ಹತ್ತಿರದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಬೈಕಿನಿಂದ ಪೂರ್ತಿ ಇಳಿಯಲೂ ಇಲ್ಲ. ಪೈಪಿನ ಬಾಯಿ ನೋಡಿ ತೀರ್ಪು ಕೊಟ್ಟರು.

"ಬೋರ್ ಒಣಗಿದೆ ಸಾರ್. ಈ ಏರಿಯಾದಲ್ಲಿ ಎಲ್ಲಾರ್ದೂ ಇದೇ ಕಥೆ. ಹೊಸದು ಕೊರೆಸಿಬಿಡಿ, ಸಾವಿರದ ಇನ್ನೂರು ಅಡಿಗೆ ಹೋಗಬೇಕಾಗುತ್ತೆ. ನಮ್ಮ ಕಡೆಯವರೇ ಇದ್ದಾರೆ, ಫೋನ್ ಮಾಡ್ಲಾ?"

ಕೊರೆಯೋದು, ಕೇಸಿಂಗು, ಹೊಸ ಮೋಟರು, ಕೇಬಲ್ಲು ಎಲ್ಲ ಸೇರಿ ಅವರು ಹೇಳಿದ ಮೊತ್ತ ಐದು ಲಕ್ಷ. ನನ್ನ ಬ್ಯಾಂಕಿನ ಖಾತೆಯಲ್ಲಿ ಆಗ ಇದ್ದದ್ದು ಮುಂದಿನ ಕಂತಿಗೆ ಸಾಕಾಗುವಷ್ಟು. ಪರ್ಸನಲ್ ಲೋನ್ ತೆಗೆದುಕೊಂಡರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಹಿಂದೆ ಅಪ್ಪ ನಿಂತಿದ್ದರು. ಅವರು ಶಿರಾ ತಾಲ್ಲೂಕಿನ ನಮ್ಮೂರಿನಿಂದ ಹಿಂದಿನ ದಿನವಷ್ಟೇ ಬಂದಿದ್ದರು. ಪ್ರೈಮರಿ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಮೆಕ್ಯಾನಿಕ್ ಹೋದಮೇಲೆ ಒಂದೇ ಮಾತು ಹೇಳಿದರು:

"ಅವನು ಬಾವಿ ನೋಡಲೇ ಇಲ್ಲ ಕಣಪ್ಪ. ನೀರು ಎಲ್ಲೈತೆ ಅಂತ ನೋಡದೆ ನೀರಿಲ್ಲ ಅಂತ ಹೆಂಗೆ ಹೇಳ್ತಾನೆ?"

ಈ ಒಂದು ಪ್ರಶ್ನೆಯಿಂದಾಗಿ ಎರಡು ವಾರ ನಾನು ಪಂಪು, ಬಾವಿ ಎಂದು ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ಸ್ವಲ್ಪ ನಿಮಗೂ ಹಂಚುತ್ತಿದ್ದೇನೆ.

*

ಅಪ್ಪ ಚಿಕ್ಕವರಿದ್ದಾಗ ನಮ್ಮ ತೋಟದಲ್ಲಿ ಇದ್ದದ್ದು ಕಪಿಲೆ ಬಾವಿ. ಕಪಿಲೆ ನೋಡದವರಿಗಾಗಿ ಹೇಳುತ್ತೇನೆ (ನಾನೂ ನೋಡಿಲ್ಲ, ಬರೀ ಕೇಳಿದ್ದು). ಬಾವಿಯ ದಡದಿಂದ ಆಚೆಗೆ ಒಂದು ಇಳಿಜಾರು. ಬಾವಿಯ ಮೇಲೆ ರಾಟೆ. ರಾಟೆಯ ಮೇಲೆ ಹಾಯ್ದ ದಪ್ಪ ಹಗ್ಗದ ತುದಿಗೆ ದೊಡ್ಡ ಚರ್ಮದ ಚೀಲ. ಚೀಲದ ಕೆಳಗೆ ಆನೆಯ ಸೊಂಡಿಲಿನಂಥ ಬಾಯಿ, ಅದಕ್ಕೆ ಇನ್ನೊಂದು ಸಣ್ಣ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲೆ ಬರುತ್ತೆ, ಸೊಂಡಿಲು ತೊಟ್ಟಿಗೆ ಬಾಗಿ ನೀರು ಸುರಿಯುತ್ತೆ. ಎತ್ತುಗಳು ಹಿಂದಕ್ಕೆ ಹೆಜ್ಜೆ ಹಾಕಿ ಮೇಲೆ ಬಂದರೆ ಚೀಲ ಮತ್ತೆ ಬಾವಿಗೆ. ಎತ್ತು ಇಳಿಯುವಾಗ ಹಗ್ಗದ ಮೇಲೆ ಕಪಿಲೆ ಹೊಡೆಯುವವನು ಕೂತುಬಿಡುತ್ತಿದ್ದ, ಅವನ ತೂಕವೂ ಎಳೆತಕ್ಕೆ ಸೇರಲಿ ಅಂತ. ಇಳಿಜಾರಿನ ಉಪಯೋಗವೂ ಅದೇ, ಎತ್ತುಗಳ ಸ್ವಂತ ತೂಕವೇ ಕೆಲಸ ಮಾಡುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾದರೆ ಬಿಸಿಲೇರುವವರೆಗೆ ಹಾಡು ಹೇಳುತ್ತಾ ಹೊಡೆಯುತ್ತಿದ್ದರಂತೆ. "ನಿಮ್ಮ ತಾತನ ಹಾಡು ನಿಂತರೆ ನಮಗೆ ಎಚ್ಚರ ಆಗ್ತಿತ್ತು" ಅಂತಾರೆ ಅಪ್ಪ.

ಇನ್ನೊಂದು ಸಾಧನ ಏತ. ಉದ್ದನೆಯ ಮರದ ತೊಲೆ, ಒಂದು ಕಡೆ ಕಲ್ಲಿನ ಭಾರ, ಇನ್ನೊಂದು ಕಡೆ ಗಳುವಿಗೆ ಕಟ್ಟಿದ ಬಕೆಟ್ಟಿನಂಥ ಪಾತ್ರೆ. ಬಗ್ಗಿಸಿದರೆ ಪಾತ್ರೆ ನೀರಿಗೆ, ಬಿಟ್ಟರೆ ಕಲ್ಲೇ ಎತ್ತಿಕೊಡುತ್ತೆ. ದೊಡ್ಡ ಏತವಾದರೆ ತೊಲೆಯ ಮೇಲೆಯೇ ಜನ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಕಪಿಲೆ, ಏತ ಎರಡೂ ನಮ್ಮ ಹೆಸರುಗಳಲ್ಲೇ ಬರುತ್ತವೆ.

ಕಪಿಲೆ ಎಂಬ ಪದ ಈಗ ನಮ್ಮ ತಲೆಮಾರಿಗೆ ಗೊತ್ತಿಲ್ಲ. ಆದರೆ ಏತ ಉಳಿದುಕೊಂಡಿದೆ. ಸಾವಿರಾರು ಹೆಚ್‌ಪಿ ಪಂಪು ಇಟ್ಟು ನದಿಯಿಂದ ನೀರೆತ್ತುವ ಯೋಜನೆಗಳಿಗೂ ಸರ್ಕಾರ ಇಟ್ಟಿರುವ ಹೆಸರು 'ಏತ ನೀರಾವರಿ'. ತೊಲೆ ಹೋಯಿತು, ಕಲ್ಲು ಹೋಯಿತು, ಹೆಸರು ಮಾತ್ರ ಗಟ್ಟಿ.

*

ನಮ್ಮೂರಿಗೆ ಕರೆಂಟು ಬಂದಮೇಲೆ ತಾತ ಕಪಿಲೆ ಬಿಚ್ಚಿಟ್ಟು ಒಂದು ಪಂಪ್‌ಸೆಟ್ ತಂದರು. ಇಲ್ಲಿ ಅಪ್ಪ ಹೇಳಿದ ಒಂದು ವಿಷಯ ನನಗೆ ಬಹಳ ಕುತೂಹಲ ಹುಟ್ಟಿಸಿತು. ಪಂಪನ್ನು ಬಾವಿಯ ದಡದ ಮೇಲೆ ಇಡುತ್ತಿರಲಿಲ್ಲವಂತೆ. ಬಾವಿಯ ಒಳಗೇ, ಅರ್ಧಕ್ಕೆ ಒಂದು ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಮೋಟರನ್ನೂ ಇನ್ನೊಂದು ಕಟ್ಟೆಗೆ ಇಳಿಸಬೇಕು. ಮಳೆ ಜೋರಾಗಿ ಬಂದ ರಾತ್ರಿ ನೀರು ಏರಿ ಮೋಟರು ಮುಳುಗದಂತೆ ಓಡಿಹೋಗಿ ಎತ್ತಬೇಕು. ಒಂದು ಸಲ ಮುಳುಗಿಯೇಬಿಟ್ಟಿತು. ಕಾಯಿಲ್ ಕಟ್ಟಿಸಲು ಶಿರಾಕ್ಕೆ ಗಾಡಿಯಲ್ಲಿ ಹಾಕಿಕೊಂಡು ಹೋದದ್ದು ಅಪ್ಪನಿಗೆ ಚೆನ್ನಾಗಿ ನೆನಪಿದೆ.

ಯಾಕೆ ಹೀಗೆ? ಮೇಲೆಯೇ ಇಟ್ಟು ಉದ್ದದ ಪೈಪು ಹಾಕಿದರೆ ಏನಾಗುತ್ತಿತ್ತು?

ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಅದು ಸೀದಾ ಇಟಲಿಗೆ ಹೋಗಿ ನಿಲ್ಲುತ್ತೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ 'ಎರಡು ಹೊಸ ವಿಜ್ಞಾನಗಳು' ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗ ಇದೆ. ತೊಟ್ಟಿಯ ನೀರೆತ್ತುವ ಒಂದು ಹೀರುಪಂಪು ನೀರು ಕೆಳಗಿಳಿದಾಗ ಕೆಲಸ ನಿಲ್ಲಿಸುತ್ತೆ. ಪಂಪು ಕೆಟ್ಟಿದೆ ಎಂದುಕೊಂಡು ಕೆಲಸಗಾರನನ್ನು ಕರೆಸುತ್ತಾರೆ. ಅವನು ನೋಡಿ, ಪಂಪಿನಲ್ಲಿ ಯಾವ ದೋಷವೂ ಇಲ್ಲ, ನೀರೇ ತೀರಾ ಕೆಳಗೆ ಹೋಗಿದೆ, ಹೀರುವ ಯಾವ ಯಂತ್ರವೂ ಹದಿನೆಂಟು ಮೊಳಕ್ಕಿಂತ ಮೇಲೆ ನೀರೆತ್ತದು ಅನ್ನುತ್ತಾನೆ. ಅಲ್ಲಿಯ ಮೊಳ ನಮ್ಮದಕ್ಕಿಂತ ಉದ್ದ, ಹದಿನೆಂಟು ಮೊಳ ಅಂದರೆ ಸುಮಾರು ಹತ್ತು ಮೀಟರು. ನೀರಿನ ಕಂಬ ತನ್ನ ತೂಕಕ್ಕೆ ತಾನೇ ಹಗ್ಗದಂತೆ ತುಂಡಾಗುತ್ತೆ ಎಂದು ಗೆಲಿಲಿಯೋ ವಿವರಣೆ ಕೊಟ್ಟ. ಅದು ತಪ್ಪು. 1640ರ ದಶಕದಲ್ಲಿ ಅವನ ಶಿಷ್ಯ ಟಾರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದು ನಿಜವಾದ ಕಾರಣ ಕಂಡುಕೊಂಡ. ಪಂಪು ನೀರನ್ನು ಎಳೆಯುವುದೇ ಇಲ್ಲ. ಪಂಪು ಮಾಡುವುದು ಪೈಪಿನ ಗಾಳಿ ತೆಗೆಯುವ ಕೆಲಸ ಮಾತ್ರ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ನೀರಿನ ಮೇಲೆ ಕೂತಿರುವ ವಾತಾವರಣದ ಒತ್ತಡ. ಆ ಒತ್ತಡ ಹೊರುವುದು ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರನ್ನು, ಅಷ್ಟೇ.

ಕ್ಯಾಲ್ಕುಲೇಟರ್ ತೆಗೆದು ನೋಡಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮಿತಿ ಸುಮಾರು 9.3 ಮೀಟರ್. ಪೈಪಿನ ಘರ್ಷಣೆ, ಗ್ಲ್ಯಾಂಡಿನ ಸೋರಿಕೆ ಎಲ್ಲ ಕಳೆದರೆ ಏಳು ಮೀಟರು ಸಿಕ್ಕರೆ ಪುಣ್ಯ. ಅಂದರೆ ಇಪ್ಪತ್ತಮೂರು ಅಡಿ. ನಮ್ಮ ತಾತನಿಗೆ ಟಾರಿಚೆಲ್ಲಿ ಯಾರೆಂದು ಗೊತ್ತಿರಲಿಲ್ಲ. ಆದರೆ ಅವರ ಬಾವಿಯೊಳಗಿನ ಕಟ್ಟೆ ನೀರಿನಿಂದ ಸರಿಯಾಗಿ ಅಷ್ಟರೊಳಗೇ ಇತ್ತು! ಇಂಜಿನಿಯರಿಂಗಿನ ಮೂರನೇ ಸೆಮಿಸ್ಟರಿನಲ್ಲಿ ಇದೇ ವಿಷಯಕ್ಕೆ ನಾನು ಪಾಸಿನ ಗಡಿಯಲ್ಲಿ ದಾಟಿದ್ದೆ ಎಂಬುದನ್ನು ಇಲ್ಲಿ ಹೇಳದಿದ್ದರೇ ಒಳ್ಳೆಯದಿತ್ತು.

*

ಮೈಸೂರು ಸೀಮೆಯಲ್ಲಿ ನೀರೆತ್ತಲು ಯಂತ್ರ ಬಂದದ್ದರ ಕಥೆ ಬೆಂಗಳೂರಿನ ನಲ್ಲಿ ನೀರಿನ ಕಥೆಯೂ ಹೌದು. 1876-78ರ ಭೀಕರ ಬರದ ನೆನಪು, ಬೆಳೆಯುತ್ತಿದ್ದ ಊರು, ಸಾಲದಾದ ಕೆರೆಗಳು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ತರುವ ಯೋಜನೆ 1890ರ ದಶಕದಲ್ಲಿ ಮುಗಿಯಿತು. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ನೀರು ತಾನೇ ಹರಿದು ಬರುತ್ತಿತ್ತು, ಅಲ್ಲಿಂದ ಮೇಲಕ್ಕೆ ಎತ್ತಲು ಉಗಿಯ ಪಂಪು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು.

ರೈತನ ಬಾವಿಗೆ ಮಾತ್ರ ಅದು ಅಷ್ಟು ಬೇಗ ಬರಲಿಲ್ಲ. ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್ ಇದ್ದ. ಮದರಾಸು ಪ್ರಾಂತ್ಯದಲ್ಲಿ ಬಾವಿಗಳಿಗೆ ಆಯಿಲ್ ಇಂಜಿನ್ನಿನ ಪಂಪು ಹಾಕಿಸಿ, ಕಪಿಲೆಗೂ ಇದಕ್ಕೂ ಖರ್ಚಿನಲ್ಲಿ ಯಾವುದು ಗಿಟ್ಟುತ್ತೆ ಎಂದು ಲೆಕ್ಕ ಹಾಕಿದವನು. 'ಲಿಫ್ಟ್ ಇರಿಗೇಶನ್' ಎಂದು ಒಂದು ಪುಸ್ತಕವನ್ನೇ ಬರೆದ. 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದ. ಗಂಧದೆಣ್ಣೆ ಕಾರ್ಖಾನೆಯ ಕಥೆಯಲ್ಲಿ ಅವನ ಹೆಸರು ಕೇಳಿರುತ್ತೀರಿ, ಪಂಪಿನ ಕಥೆಯಲ್ಲೂ ಅವನಿದ್ದಾನೆ.

ಮೋಟರು ಅಗ್ಗವಾಗಿದ್ದಕ್ಕೆ ನಾವು ಕೊಯಮತ್ತೂರಿಗೆ ಕೃತಜ್ಞರಾಗಿರಬೇಕು. 1932ರಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ ಶುರುವಾಗಿ ಆ ಕಡೆಯ ಗಿರಣಿಗಳಿಗೂ ತೋಟಗಳಿಗೂ ಕರೆಂಟು ಸಿಕ್ಕಿತು. ಗಿರಣಿ ಯಂತ್ರ ರಿಪೇರಿ ಮಾಡುತ್ತಿದ್ದ ಫೌಂಡ್ರಿಗಳು ಪಂಪು ಎರಕ ಹೊಯ್ಯತೊಡಗಿದವು. ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸೇರಿ 1937ರಲ್ಲಿ ತಯಾರಿಸಿದ ಮೋಟರು ದೇಶದಲ್ಲೇ ಆದ ಮೊದಲ ಮೋಟರುಗಳಲ್ಲಿ ಒಂದು. ಇವತ್ತಿಗೂ ನಮ್ಮ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪಂಪಿನ ಹಿಂದಿನ ತಗಡು ಓದಿ, ಬಹಳಷ್ಟರ ಮೇಲೆ ಊರಿನ ಹೆಸರು ಕೊಯಮತ್ತೂರು ಎಂದೇ ಇರುತ್ತೆ.

*

ಇಲ್ಲಿಂದ ಕಥೆ ನೆಲದ ಕೆಳಗೆ ಇಳಿಯುತ್ತೆ, ನಮ್ಮ ಮನೆಯದೂ ಕೂಡ.

ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ? ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯೇ ನಮ್ಮ ಬಯಲುಸೀಮೆಯ ಬಹುಭಾಗದ ತಳ. ಅದರ ಮೇಲೆ ಕೆಲವು ಹತ್ತು ಅಡಿಗಳಷ್ಟು ಮಣ್ಣು ಮತ್ತು ಶಿಥಿಲವಾದ ಕಲ್ಲಿನ ಪದರ. ಮಳೆನೀರು ಸ್ಪಂಜಿನಂತೆ ನಿಲ್ಲುವುದು ಈ ಪದರದಲ್ಲಿ. ಹಳೆಯ ಬಾವಿಗಳು ಮುಟ್ಟುತ್ತಿದ್ದದ್ದು ಇದನ್ನೇ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ಗಂಗೆ, ಸಿಗದಿದ್ದರೆ ಬರೀ ಧೂಳು.

ಆ ಬಂಡೆಯನ್ನು ಬೇಗ ಕೊರೆಯುವ ಯಂತ್ರ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು 1966-67ರ ಬಿಹಾರದ ಬರದ ನಂತರ. ಯುನಿಸೆಫ್ ಕುಡಿಯುವ ನೀರಿಗಾಗಿ ತರಿಸಿದ ರಿಗ್ಗುಗಳು ಅವು. ಕೊಳವೆಯ ತುದಿಯಲ್ಲೇ ಸುತ್ತಿಗೆ, ಒತ್ತಿದ ಗಾಳಿಯಿಂದ ಅದು ಬಂಡೆಯನ್ನು ಕುಟ್ಟುತ್ತೆ, ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತೆ. ತಿಂಗಳುಗಟ್ಟಲೆ ಅಗೆಯುವ ಬದಲು ಒಂದೆರಡು ದಿನದ ಕೆಲಸ. ಆದರೆ ಮೇಲೆ ಕೂರಿಸಿದ ಎರಕದ ಕಬ್ಬಿಣದ ಕೈಪಂಪುಗಳು ಒಂದು ಕುಟುಂಬಕ್ಕೆಂದು ಮಾಡಿದವು, ಇಡೀ ಊರು ಒತ್ತಿದರೆ ಮುರಿದುಹೋಗುತ್ತಿದ್ದವು. ಸೊಲ್ಲಾಪುರದ ಕಡೆ ತಯಾರಾದ ಒಂದು ಗಟ್ಟಿ ಪಂಪನ್ನು ತಿದ್ದಿ ತೀಡಿ 1970ರ ದಶಕದಲ್ಲಿ 'ಇಂಡಿಯಾ ಮಾರ್ಕ್ 2' ರೂಪಿಸಿದರು. ನಮ್ಮ ಶಾಲೆಯ ಮುಂದೆ ನಾವೆಲ್ಲ ನೇತಾಡುತ್ತಾ ಒತ್ತುತ್ತಿದ್ದ ಬೋರಿಂಗು ಅದೇ. ಮುಂದೆ ಅದು ಆಫ್ರಿಕಾದ ಎಷ್ಟೋ ದೇಶಗಳಿಗೂ ಹೋಯಿತು.

ಕುಡಿಯುವ ನೀರಿಗೆಂದು ಬಂದ ಆ ವಿದ್ಯೆ ಹೊಲಕ್ಕೆ ಹೋಗಲು ತಡವಾಗಲಿಲ್ಲ. ತಮಿಳುನಾಡಿನ ತಿರುಚೆಂಗೋಡು ಎಂಬ ಊರು ಬೋರ್‌ವೆಲ್ ಲಾರಿಗಳ ತವರಾಯಿತು. ಟಿಎನ್ 34 ಎಂಬ ನಂಬರಿನ ಆ ಲಾರಿಗಳನ್ನು ನೀವೂ ಎಲ್ಲೋ ನೋಡಿರುತ್ತೀರಿ.

ನಾನು ಮೊದಲು ನೋಡಿದ್ದು ನಮ್ಮ ತೋಟದಲ್ಲಿ. ನನಗಾಗ ಐದಾರು ವರ್ಷ. 2001ರಿಂದ 2004ರವರೆಗೆ ಸತತ ಬರ. ತಾತನ ಬಾವಿ ಬತ್ತಿತ್ತು. ನೀರು ನೋಡುವವರೊಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಓಡಾಡಿದರು, ಕಾಯಿ ಎದ್ದುನಿಂತ ಕಡೆ ಪಾಯಿಂಟ್ ಮಾಡಿದರು. ರಾತ್ರಿಯಿಡೀ ರಿಗ್ಗಿನ ಸದ್ದು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಬಿಳೀ ಧೂಳು ತೆಂಗಿನ ಗರಿಗಳ ಮೇಲೆಲ್ಲ ಕೂತು ಹಬ್ಬದ ಹಾಗೆ ಕಾಣುತ್ತಿತ್ತು. ನಾನು ಖುಷಿಯಿಂದ ಕುಣಿಯುತ್ತಿದ್ದೆ. ಧೂಳು ಒಣಗಿಯೇ ಬರುತ್ತಿದೆ ಅಂದರೆ ನೀರಿಲ್ಲ ಎಂದು ಅರ್ಥ, ಅದು ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಒಂದು ಮಾತೂ ಆಡದೆ ಕೂತಿದ್ದರು. ಎರಡು ವರ್ಷದಲ್ಲಿ ಮೂರು ಬೋರು. ಮೊದಲೆರಡು ಧೂಳು. ಮೂರನೆಯದರಲ್ಲಿ ನೀರು ಬಂತು, ಒಂದೂವರೆ ವರ್ಷ ಓಡಿ ನಿಂತಿತು. ಬಡ್ಡಿ ಕಟ್ಟಲು ರಸ್ತೆ ಪಕ್ಕದ ಎರಡು ಎಕರೆ ಮಾರಿದರು. ಉಳಿದದ್ದರಲ್ಲಿ ಅಪ್ಪನ ಪಾಲಿನ ಸ್ವಲ್ಪ, ಅವರ ಸಂಬಳ ಸೇರಿ ನನ್ನ ಇಂಜಿನಿಯರಿಂಗ್ ಆಯಿತು.

ಆ ಮೆಕ್ಯಾನಿಕ್ "ಹೊಸದು ಕೊರೆಸಿಬಿಡಿ" ಅಂದಾಗ ಅಪ್ಪ ಯಾಕೆ ಸುಮ್ಮನಾದರು ಎಂಬುದು ಇಷ್ಟೆಲ್ಲ ಬರೆಯುವಾಗ ನನಗೆ ಸರಿಯಾಗಿ ಅರ್ಥವಾಗುತ್ತಿದೆ.

*

ಸರಿ, ಡಿಬಗ್ಗಿಂಗಿಗೆ ಬರೋಣ.

ಮೊದಲು ಅರ್ಥ ಮಾಡಿಕೊಂಡದ್ದು, ಸಬ್‌ಮರ್ಸಿಬಲ್ ಪಂಪು ಹೀರುವುದಿಲ್ಲ, ನೂಕುತ್ತೆ. ನೀರಿನೊಳಗೇ ಕೂತು ಕೆಳಗಿನಿಂದ ತಳ್ಳುವುದರಿಂದ ಟಾರಿಚೆಲ್ಲಿಯ ಮಿತಿ ಅದಕ್ಕಿಲ್ಲ. ಒಂದರ ಮೇಲೊಂದು ಜೋಡಿಸಿದ ಸಣ್ಣ ಚಕ್ರಗಳು, ಒಂದೊಂದೂ ಸ್ವಲ್ಪ ಸ್ವಲ್ಪ ಒತ್ತಡ ಸೇರಿಸುತ್ತೆ. ಕೊಳವೆಯೊಳಗೆ ಇಳಿಸುವಂಥ ಇಂಥ ವಿದ್ಯುತ್ ಪಂಪನ್ನು ಬಳಕೆಗೆ ತಂದವನು ಅರ್ಮಾಯಿಸ್ ಅರುಟುನಾಫ್. ಅಂದಿನ ರಷ್ಯಾ ಸಾಮ್ರಾಜ್ಯದ ಟಿಫ್ಲಿಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. 1920ರ ದಶಕದ ಕೊನೆಯಲ್ಲಿ ಕ್ಯಾನ್ಸಸ್ಸಿನ ಎಣ್ಣೆಬಾವಿಯಲ್ಲಿ ಅವನ ಪಂಪು ಓಡಿತು, 1930ರಲ್ಲಿ ಓಕ್ಲಹೋಮಾದ ಬಾರ್ಟಲ್ಸ್‌ವಿಲ್‌ನಲ್ಲಿ ಅವನ ಕಂಪನಿ 'ರೆಡಾ' ಎಂಬ ಹೆಸರು ಪಡೆಯಿತು. ಎಣ್ಣೆ ಎತ್ತಲು ಹುಟ್ಟಿದ ಯಂತ್ರದ ಮೊಮ್ಮಗ ನಮ್ಮ ಗೇಟಿನ ಪಕ್ಕ ನೀರೆತ್ತುತ್ತಿದೆ!

ಎರಡನೆಯದು, ಸ್ಟಾರ್ಟರ್ ಪೆಟ್ಟಿಗೆಯೇ ಒಂದು ಲಾಗ್ ಫೈಲು. ಕೆಪಾಸಿಟರ್ ಸತ್ತಿದ್ದರೆ ಮೋಟರು ಗುಂಯ್ ಎನ್ನುತ್ತೆ, ತಿರುಗುವುದಿಲ್ಲ, ಆಂಪ್ ಮೀಟರಿನ ಮುಳ್ಳು ಕೊನೆಗೆ ಹೋಗಿ ಟ್ರಿಪ್ ಆಗುತ್ತೆ. ನಮ್ಮದು ಹಾಗೆ ಆಗಿರಲಿಲ್ಲ. ಬೋರಿನಲ್ಲಿ ನೀರು ತೀರಿದ್ದರೆ ಚಕ್ರಗಳಿಗೆ ಕೆಲಸವಿಲ್ಲ, ಕರೆಂಟು ಇಳಿಯಬೇಕು. ನಮ್ಮ ಮುಳ್ಳು ಎಂದಿನಂತೆ ಹದಿಮೂರು ಆಂಪಿನಲ್ಲೇ ನಿಂತಿತ್ತು. ಅಂದರೆ ಮೋಟರು ನೀರನ್ನು ನೂಕುತ್ತಲೇ ಇದೆ. ಹಾಗಾದರೆ ಆ ನೀರು ಹೋಗುತ್ತಿರುವುದೆಲ್ಲಿಗೆ?

ಮೂರನೆಯದು ಅಪ್ಪನ ಪ್ರಶ್ನೆ, ನೀರು ಎಲ್ಲೈತೆ? ರಾತ್ರಿಯಿಡೀ ಮೋಟರು ಹಾಕದೆ ಬಿಟ್ಟೆವು. ಬೆಳಿಗ್ಗೆ ಅಪ್ಪ ಕೆಮ್ಮಿನ ಔಷಧಿಯ ಒಂದು ಖಾಲಿ ಸಣ್ಣ ಬಾಟಲಿಯನ್ನು ತೊಳೆದು ಅದರೊಳಗೆ ನಾಲ್ಕು ನಟ್ಟು ಹಾಕಿ, ಕುತ್ತಿಗೆಗೆ ನೂಲಿನ ಹುರಿ ಬಿಗಿದರು. ನಾನು ಹತ್ತಡಿಗೊಂದು ಗುರುತು ಮಾಡಿದೆ. ಕೇಸಿಂಗಿನ ಮುಚ್ಚಳ ಸರಿಸಿ ಮೆಲ್ಲಗೆ ಇಳಿಸುತ್ತಾ ಹೋದೆವು. ನೂರು, ಇನ್ನೂರು, ಮುನ್ನೂರು ಅಡಿ. ಹುಷಾರಾಗಿ ಎಳೆದುಕೊಂಡೆವು. ಹುರಿಯ ಕೊನೆಯ ನಲವತ್ತು ಅಡಿ ತೊಟ್ಟಿಕ್ಕುವಷ್ಟು ಒದ್ದೆ. ಬಾಟಲಿಯ ತುಂಬ ನೀರು. ಅಂದರೆ 260 ಅಡಿಯಲ್ಲಿ ನೀರಿದೆ, ಮೋಟರಿನ ಮೇಲೆ ಇನ್ನೂ 160 ಅಡಿ!

ಅಪ್ಪ ಆ ನೀರನ್ನು ಅಂಗೈಗೆ ಬಗ್ಗಿಸಿ ನೋಡಿದರು. ತಣ್ಣಗಿತ್ತು. "ಕಪಿಲೆ ಆದಮೇಲೆ ನಾನು ಕೈಯಾರೆ ಬಾವಿಯಿಂದ ನೀರು ಎತ್ತಿದ್ದು ಇವತ್ತೇ" ಅಂದರು, ನಕ್ಕರು.

ಈಗ ಮೋಟರು ಹಾಕಿ ಕೇಸಿಂಗಿನ ಬಾಯಿಗೆ ಕಿವಿ ಕೊಟ್ಟೆ. ಒಳಗೆಲ್ಲೋ ಮಳೆ ಸುರಿದ ಸದ್ದು. ಪೈಪು ನಡುವೆ ಎಲ್ಲೋ ತೂತಾಗಿದೆ, ಮೋಟರು ಮೇಲಕ್ಕೆ ನೂಕಿದ ನೀರು ಅಲ್ಲಿಂದಲೇ ಚಿಮ್ಮಿ ಮತ್ತೆ ಬೋರಿಗೆ ಬೀಳುತ್ತಿದೆ, ಮೋಟರು ಅದನ್ನೇ ಮತ್ತೆ ನೂಕುತ್ತಿದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಇನ್ಫಿನಿಟ್ ಲೂಪ್ :-) ಕರೆಂಟ್ ಬಿಲ್ಲು ಮಾತ್ರ ಹೊರಗೆ ಬರುತ್ತಿತ್ತು.

ಬೇರೆ ಕಡೆಯಿಂದ ಒಬ್ಬ ಹಿರಿಯ ಫಿಟ್ಟರನ್ನು ಕರೆತಂದೆ. ಅವರೂ ಕಿವಿ ಇಟ್ಟು ಕೇಳಿ ತಲೆಯಾಡಿಸಿದರು. ಮೋಟರ್ ಎತ್ತುವ ಗಾಡಿ ಬಂತು. ಇಪ್ಪತ್ತಡಿಯ ಜಿಐ ಪೈಪುಗಳು ಒಂದೊಂದಾಗಿ ಮೇಲೆ ಬಂದವು. ಒಂಬತ್ತನೆಯದರ ಕೊನೆಯಲ್ಲಿ, ಕಪ್ಲಿಂಗಿನ ಪಕ್ಕ, ತುಕ್ಕು ತಿಂದು ಹೆಬ್ಬೆರಳು ತೂರುವಷ್ಟು ತೂತು. ಪೂರ್ತಿ ಎತ್ತಿ ತುಕ್ಕು ಹಿಡಿದ ನಾಲ್ಕು ಪೈಪು ಬದಲಿಸಿ, ಸವೆದಿದ್ದ ನಾನ್ ರಿಟರ್ನ್ ವಾಲ್ವ್ ಹೊಸದು ಹಾಕಿ, ನೀರು ತೀರಿದರೆ ತಾನೇ ಆಫ್ ಆಗುವ ಒಂದು ಸಾಧನ ಕೂರಿಸಿದೆವು. ಎಲ್ಲ ಸೇರಿ ಖರ್ಚು ಇಪ್ಪತ್ತೆರಡು ಸಾವಿರ. ಸಂಜೆ ಆರಕ್ಕೆ ಗುಂಡಿ ಒತ್ತಿದೆ. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಬಿಳೀ ನೀರು. ಮನೆಯಾಕೆ ಒಳಗಿನಿಂದ "ಬಂತಾ?" ಅಂತ ಕೂಗಿದಳು. ಅಪ್ಪ "ಬಂತಮ್ಮ" ಅಂದರು. ನನಗಿಂತ ಅವರ ದನಿಯೇ ಜೋರಾಗಿತ್ತು.

ಗೆಲಿಲಿಯೋನ ಕೆಲಸಗಾರ ಹೇಳಿದ್ದು, ಪಂಪು ಸರಿಯಿದೆ, ನೀರೇ ಕೆಳಗೆ ಹೋಗಿದೆ ಅಂತ. ನಮ್ಮ ಮೆಕ್ಯಾನಿಕ್ ಹೇಳಿದ್ದೂ ಅದೇ. ಅವನು ಅಳೆದು ಹೇಳಿದ್ದ, ಇವರು ಅಳೆಯದೆ ಹೇಳಿದರು. ಎರಡರ ನಡುವಿನ ವ್ಯತ್ಯಾಸ ನನಗೆ ನಾಲ್ಕೂಮುಕ್ಕಾಲು ಲಕ್ಷ.

*

ಇಲ್ಲಿಗೆ ಮುಗಿಸಿದರೆ ನಾನೇನೋ ಗೆದ್ದೆ ಅನ್ನಿಸಿಬಿಡುತ್ತೆ. ಹಾಗಿಲ್ಲ.

ಆ ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದು ಮಾತು ನಿಜ, ಈ ಏರಿಯಾದಲ್ಲಿ ಬಹಳ ಜನರ ಕಥೆ ಅದೇ. 2024ರ ಮಾರ್ಚಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900ರಷ್ಟು ಒಣಗಿದ್ದವು. ಉಪಮುಖ್ಯಮಂತ್ರಿಯ ಮನೆಯ ಬೋರೂ ಬತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಈ 110 ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ, ತೊರೆಕಾಡನಹಳ್ಳಿಯಿಂದ ಶುರುವಾಗಿ ಹಂತ ಹಂತವಾಗಿ ನೂಕಿ ತರುವ ನೀರು. ಹೆಸರು ಏನೇ ಇರಲಿ, ಅದೂ ಒಂದು ಏತವೇ.

ನಮ್ಮ ಬೋರಿನಲ್ಲಿ 160 ಅಡಿ ನೀರು ಉಳಿದಿರುವುದು ನನ್ನ ಜಾಣತನದಿಂದ ಅಲ್ಲ. ಕಪಿಲೆ ಎತ್ತುತ್ತಿದ್ದದ್ದು ಎತ್ತು ದಣಿಯುವವರೆಗೆ. ಬಿಸಿಲೇರಿದರೆ ನಿಲ್ಲುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬಾವಿಯಲ್ಲಿ ಮತ್ತೆ ಒರತೆ ತುಂಬುತ್ತಿತ್ತು. ಮೇಲಿನ ಪಂಪಿಗೆ ಇಪ್ಪತ್ತಮೂರು ಅಡಿಯ ಲಗಾಮು ಇತ್ತು. ಸಬ್‌ಮರ್ಸಿಬಲ್ಲಿಗೆ ದಣಿವೂ ಇಲ್ಲ, ಲಗಾಮೂ ಇಲ್ಲ. ಶಿರಾ, ಪಾವಗಡದ ಕಡೆ ಆಳದ ನೀರು ಕುಡಿದು ಫ್ಲೋರೈಡಿನಿಂದ ಹಲ್ಲು ಕಂದಾದವರನ್ನು ನಾನು ನನ್ನ ತರಗತಿಯಲ್ಲೇ ನೋಡಿದ್ದೇನೆ. ಆಳಕ್ಕೆ ಹೋದಷ್ಟೂ ಗಂಗೆಯೇ ಸಿಗುತ್ತಾಳೆ ಎಂದೇನಿಲ್ಲ.

ಹಾಗಾಗಿ ಉಳಿದ ದುಡ್ಡಿನಲ್ಲಿ ಸ್ವಲ್ಪ ಇನ್ನೊಂದಕ್ಕೆ ಹಾಕಿದೆ. ನಮ್ಮ ತಾರಸಿ ಸುಮಾರು ಸಾವಿರ ಚದರ ಅಡಿ. ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿಲಿಮೀಟರ್. ಗುಣಿಸಿದರೆ ತೊಂಬತ್ತು ಸಾವಿರ ಲೀಟರ್. ಇಷ್ಟು ವರ್ಷ ಅದು ಚರಂಡಿಗೆ ಹೋಗುತ್ತಿತ್ತು. ತಲೆತಲಾಂತರದಿಂದ ಬಾವಿ ತೋಡುವ ಕಸುಬಿನ ಭೋವಿ ಸಮುದಾಯದವರು ಇನ್ನೂ ನಗರದ ಸುತ್ತಮುತ್ತ ಇದ್ದಾರೆ. ಇಬ್ಬರು ಅಣ್ಣತಮ್ಮಂದಿರು ಬಂದು ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿ ತೋಡಿ, ಸಿಮೆಂಟಿನ ಬಳೆ ಇಳಿಸಿ, ತಾರಸಿಯ ಪೈಪನ್ನು ಅದಕ್ಕೆ ತಿರುಗಿಸಿಕೊಟ್ಟರು. ಇಂಗಿದ ನೀರು ನನ್ನ ಬೋರಿಗೇ ಬರುತ್ತೆ ಎಂಬ ಖಾತ್ರಿಯೇನಿಲ್ಲ, ಪಕ್ಕದ ಮನೆಗೆ ಹೋದರೂ ಹೋದೀತು. ಅಪ್ಪನಿಗೆ ಹೇಳಿದೆ. "ಹೋಗಲಿ ಬಿಡು, ನಮ್ಮ ತಾತ ತೋಡಿಸಿದ ಬಾವಿ ನೀರು ನಾವೊಬ್ಬರೇ ಕುಡಿದ್ವಾ?" ಅಂದರು.

ಆ ತೋಟದ ಬಾವಿ ಈಗಲೂ ಇದೆ. ಒಳಗಿನ ಕಟ್ಟೆ ಅರ್ಧ ಕುಸಿದಿದೆ. ರಾಟೆ ಕೂರಿಸುತ್ತಿದ್ದ ಕಲ್ಲುಗಂಬಗಳಲ್ಲಿ ಹಗ್ಗ ಉಜ್ಜಿದ ಗೆರೆ ಬೆರಳಿಗೆ ಸಿಗುತ್ತೆ. ಮುಂದಿನ ಸಲ ಊರಿಗೆ ಹೋದಾಗ ಫೋಟೋ ತೆಗೆದು ಹಾಕುತ್ತೇನೆ.

ಅಂದ ಹಾಗೆ, ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲಿಗೆ ನಮ್ಮ ಕಡೆ ಪಾತಾಳಗರಡಿ ಅಂತಾರೆ. ಇಡೀ ಬೀದಿಗೆ ಒಂದೇ ಇರುತ್ತಿತ್ತಂತೆ, ಸರದಿಯ ಮೇಲೆ ಎಲ್ಲರ ಮನೆಗೂ ಹೋಗುತ್ತಿತ್ತಂತೆ. ನಿಮ್ಮ ಕಡೆ ಅದಕ್ಕೆ, ಕಪಿಲೆಗೆ, ರಾಟೆಗೆ ಏನೇನು ಹೆಸರಿತ್ತು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಬರೀ ಬೋರ್‌ವೆಲ್ ಗೊತ್ತಿರುವ ನನ್ನಂಥವರಿಗೆ ಅಷ್ಟಾದರೂ ಸಿಗಲಿ.